ತಗಡು ಬ್ಯಾಂಡಿನ ಕೊನೆಯ ಕಾರ್ಯಕ್ರಮ

ಜಗಳೂರಿನ ಮೈದಾನದಲ್ಲಿ ಗಿರಿಜಾಳಿಗೆ ಕರೆಂಟ್ ಹೊಡೆದದ್ದು ನನ್ನಿಂದ. ಅದರ ಅಪರಾಧ ಹೊತ್ತವರು ಅಲ್ಲಿ ಶಾಮಿಯಾನ ಮತ್ತು ಮೈಕ್‌ಸೆಟ್ ಹಾಕಿದ್ದ ತಿಪ್ಪೇಸ್ವಾಮಿ. ಪೊಲೀಸ್ ಠಾಣೆಯಲ್ಲಿ ನಾನು ಸುಳ್ಳು ಹೇಳಿದೆ, ಕೋರ್ಟಿನಲ್ಲಿ ಹೇಳಿದೆ, ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕುಳಿತು ಹೇಳಿದೆ. ಆಮೇಲೆ ಹೇಳುವ ಅಗತ್ಯವೇ ಬೀಳಲಿಲ್ಲ—ಎಲ್ಲರೂ ನನ್ನ ಪರವಾಗಿ ತಾವೇ ಹೇಳುತ್ತಿದ್ದರು. ನಾನು ಸುಮ್ಮನಿದ್ದರೆ ಸಾಕಾಗಿತ್ತು. ಸುಮ್ಮನಿದ್ದೆ.

ಗಿರಿಜಾ ನನ್ನ ಹೆಂಡತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ನಿಮಗೂ ಮೋಸ ಮಾಡಿದ ಹಾಗಾಗುತ್ತದೆ.

ನಾನು ಪರಮೇಶ. ಚನ್ನಗಿರಿಯ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಟಿ.ವಿ., ಮಿಕ್ಸಿ, ಯು.ಪಿ.ಎಸ್. ರಿಪೇರಿಯ ಅಂಗಡಿ ನಡೆಸುತ್ತೇನೆ. ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಓದಿದವನು. ಈ ಓದಿನ ಮಾತು ಹೇಳುತ್ತಿರುವುದು ಒಂದೇ ಕಾರಣಕ್ಕೆ—ಗೊತ್ತಿಲ್ಲದೆ ಮಾಡಿದೆ ಎಂದು ನೀವು ಅಂದುಕೊಳ್ಳಬಾರದು. ನನಗೆ ಗೊತ್ತಿತ್ತು.

ನಮ್ಮದೊಂದು ಬ್ಯಾಂಡ್ ಇತ್ತು. ಹೆಸರು 'ತಗಡು'. ಗೆಳೆಯ ನಾಸಿರನ ಚಿಕ್ಕಪ್ಪನ ಗ್ಯಾರೇಜಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಬೇಸಿಗೆಯಲ್ಲಿ ಒಳಗೆ ಕಾಲಿಡಲಾಗದು, ಮಳೆ ಬಂದರೆ ನಮ್ಮ ಸದ್ದು ನಮಗೇ ಕೇಳದು. ನಾಸಿರ್ ಹೊನ್ನಾಳಿಯವನು, ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಲ್ಲಿ ಡ್ರಮ್ಮು ಬಾರಿಸಿ ಕೈ ಪಳಗಿಸಿಕೊಂಡಿದ್ದ. ನಾನು ಕೀಬೋರ್ಡು. ಬಸವಾಪಟ್ಟಣದ ಗಿರಿಜಾ ಚನ್ನಗಿರಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಗಿಟಾರು ಅವಳದು, ದನಿ ಅವಳದು, ಹಾಡುಗಳೂ ಅವಳವೇ.

ಅವಳ ಸೋದರಮಾವನ ಮಗ ಎಲ್ಲಿಂದಲೋ ಒಂದು ಪೆನ್‌ಡ್ರೈವ್ ತುಂಬ ಹೊರದೇಶದ ಹಳೆಯ ಹಾಡು ತಂದುಕೊಟ್ಟಿದ್ದ. ನ್ಯೂ ವೇವ್ ಅಂತೆ. ಗಿಟಾರು ಅಳುವುದಿಲ್ಲ, ಕೊಯ್ಯುತ್ತದೆ. ಡ್ರಮ್ಮು ಎಲ್ಲೂ ಉಬ್ಬುವುದಿಲ್ಲ, ಒಂದೇ ಸಮ ನಡೆಯುತ್ತದೆ. ಹಾಡುವವರ ಮುಖದಲ್ಲಿ ಏನೂ ಕಾಣುವುದಿಲ್ಲ—ಯಾರದೋ ಸಾವಿನ ಸುದ್ದಿಯನ್ನು ಬಸ್ಸಿನ ವೇಳಾಪಟ್ಟಿಯಂತೆ ಓದಿದ ಹಾಗೆ. ಶೆಡ್ಡಿನಲ್ಲಿ ಅದನ್ನು ಮೊದಲ ಸಲ ಕೇಳಿದಾಗ ನಾಸಿರ್ ನಕ್ಕುಬಿಟ್ಟ. ಗಿರಿಜಾ ಮಾತ್ರ ಕಣ್ಣು ಮುಚ್ಚಿಕೊಂಡು ಹೇಳಿದಳು:

"ಇದು ನಮ್ಮ ಬಸ್‌ಸ್ಟ್ಯಾಂಡಿನ ಹಂಗೇ ಐತಲ್ಲೋ ಪರಮೇಶಿ. ಎಲ್ಲಾರೂ ಎಲ್ಲಿಗೋ ಹೋಗಾಕೆ ನಿಂತಾರೆ, ಯಾರ ಮಕದಾಗೂ ಏನೂ ಇಲ್ಲ."

ಆ ವಾರವೇ ಅವಳು ಮೊದಲ ಹಾಡು ಬರೆದಳು. 'ಬಸ್ಸು ಹೋಯಿತು, ಬೋರ್ಡು ಉಳಿಯಿತು, ಬೋರ್ಡಿನ ಕೆಳಗೆ ನಾನುಳಿದೆ'—ಅಷ್ಟೇ, ತಿರುಗಿಸಿ ತಿರುಗಿಸಿ.

ಲಗೇಜ್ ಆಟೋದಲ್ಲಿ ಡ್ರಮ್ಮು, ಗಿಟಾರಿನ ಸದ್ದು ಹೆಚ್ಚಿಸುವ ಆಂಪು, ಕೀಬೋರ್ಡು ಹೇರಿಕೊಂಡು, ಅವುಗಳ ನಡುವೆ ನಾವು ತೂರಿಕೊಂಡು ಊರೂರು ತಿರುಗಿದೆವು. ಕರೆದವರಿಗೆಲ್ಲ ಹೂಂ ಎಂದೆವು. ಗಣಪತಿ ಪೆಂಡಾಲು, ಕಾಲೇಜಿನ ವಾರ್ಷಿಕೋತ್ಸವ, ಹೊಸ ಬಟ್ಟೆ ಅಂಗಡಿಯ ಉದ್ಘಾಟನೆ. ಸವಳಂಗದಲ್ಲಿ ನಾವು ಶುರುಮಾಡಿದ ಕೂಡಲೇ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಎದ್ದುಹೋದರು. ಚನ್ನಗಿರಿಯಲ್ಲಿ, ನಮ್ಮದೇ ಊರಿನಲ್ಲಿ, ಹಿರಿಯರೊಬ್ಬರು ವೇದಿಕೆ ಹತ್ತಿ ಬಂದು ಗಿರಿಜಾಳ ಮುಂದಿನಿಂದ ಮೈಕು ತೆಗೆದು, "ಇಂಥವು ಸಾಕು ತಾಯಿ, ಒಂದು ಭಾವಗೀತೆ ಹೇಳು" ಎಂದರು. ಅವಳು ಹೇಳಲಿಲ್ಲ. ಗಿಟಾರು ಕಳಚಿ ಕೆಳಗಿಳಿದಳು. ಆಟೋದಲ್ಲಿ ಕುಳಿತ ಮೇಲೆ ಅತ್ತಳು, ಬಸವಾಪಟ್ಟಣದ ದಾರಿ ಮುಗಿಯುವವರೆಗೆ. ನಾನು ಅವಳ ಪಕ್ಕದಲ್ಲಿದ್ದೆ. ಇವಳಿಗಾಗಿ ಏನು ಬೇಕಾದರೂ ಮಾಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡದ್ದು ಅವತ್ತೇ ಇರಬೇಕು. ಎಷ್ಟು ಸುಲಭವಾಗಿ ಹೇಳಿಕೊಳ್ಳುತ್ತೇವೆ—

ನಮ್ಮ ಗಿಟಾರಿನ ಆಂಪು ಶಿವಮೊಗ್ಗದಲ್ಲಿ ಯಾರೋ ಬಳಸಿ ಬಿಟ್ಟದ್ದು. ಹಚ್ಚಿದರೆ ಗುಂಯ್ ಎಂದು ಒಂದೇ ಸಮ ಕೊರೆಯುತ್ತಿತ್ತು. ಅವಳ ಹಾಡುಗಳಲ್ಲಿ ಮೌನದ ಜಾಗಗಳು ಬಹಳ; ಆ ಮೌನದಲ್ಲೆಲ್ಲ ಈ ಗುಂಯ್. ನ್ಯಾಮತಿಯ ಕಾರ್ಯಕ್ರಮದ ದಿನ ಅವಳು ರೇಗಿದಳು. "ನೀನು ಡಿಪ್ಲೊಮಾ ಮಾಡಿದ್ದು ಸುಳ್ಳೇನೋ? ಇದೊಂದು ನಿಲ್ಲಸಾಕೆ ಆಗಲ್ವಾ ನಿಂಗೆ?" ಎಲ್ಲರೂ ನಕ್ಕರು. ನನಗೆ ಅವಮಾನವಾಯಿತು.

ನಿಲ್ಲಿಸುವುದು ಹೇಗೆಂದು ನನಗೆ ಗೊತ್ತಿತ್ತು. ಆ ಆಂಪಿನ ಒಳಗೆ ಟ್ರಾನ್ಸ್‌ಫಾರ್ಮರ್ ಹಾಳಾಗಿತ್ತು. ಕರೆಂಟ್ ಸ್ವಲ್ಪ ಸ್ವಲ್ಪವಾಗಿ ಅದರ ಲೋಹದ ಮೈಗೆ ಸೋರುತ್ತಿತ್ತು. ಪ್ಲಗ್ಗಿನ ಮೂರನೆಯ ಪಿನ್ನು, ದಪ್ಪನೆಯದು, ಇರುವುದೇ ಹಾಗೆ ಸೋರಿದ್ದನ್ನು ನೆಲಕ್ಕೆ ಕಳುಹಿಸಲು. ಟ್ರಾನ್ಸ್‌ಫಾರ್ಮರ್ ಬದಲಿಸುವುದು ಸರಿಯಾದ ದಾರಿ. ನಾನು ಅಂಗಡಿಯೊಂದರಿಂದ ಬಿಳಿಯ ಚಿಕ್ಕ ಅಡಾಪ್ಟರ್ ತಂದೆ—ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನದಾಗಿ ಮಾಡುವಂಥದು—ಅದನ್ನು ನಡುವೆ ಸಿಗಿಸಿದೆ. ನೆಲದ ದಾರಿ ಮುಚ್ಚಿತು. ಗುಂಯ್ ನಿಂತಿತು.

ಗಿರಿಜಾ ನನ್ನ ಕಡೆ ತಿರುಗಿ ನೋಡಿದ ನೋಟ ಇದೆಯಲ್ಲ, ಅದಕ್ಕಾಗಿ ನಾನು ಇನ್ನೂ ಎಷ್ಟೋ ಮಾಡುತ್ತಿದ್ದೆ. ಅವತ್ತು ನ್ಯಾಮತಿಯಲ್ಲಿ ಮೊದಲ ಸಲ ಜನ ನಮ್ಮ ಹಾಡಿಗೆ ಕುಣಿದರು. ಕಾಲೇಜು ಹುಡುಗರು 'ಬೋರ್ಡಿನ ಕೆಳಗೆ ನಾನುಳಿದೆ' ಎಂದು ಕೂಗಿದರು. ಆ ಗೆಲುವಿಗೂ ನನ್ನ ಅಡಾಪ್ಟರಿಗೂ ಸಂಬಂಧವಿದೆ ಎಂದೇ ನಾನು ನಂಬಿದೆ.

ಹೊನ್ನಾಳಿಯಲ್ಲಿ, ಮುಂದಿನ ಕಾರ್ಯಕ್ರಮದಲ್ಲಿ, ಒಂದು ಹಾಡು ಮುಗಿಸಿ ಅವಳು ನನ್ನ ಹತ್ತಿರ ಬಂದಳು. ಬೆರಳಿನಿಂದ ತುಟಿ ಒರೆಸಿಕೊಳ್ಳುತ್ತಿದ್ದಳು.

"ಮೈಕಿಗೆ ಬಾಯಿ ತಾಗಿದ್ರೆ ಜುಮ್ ಅಂತೈತೆ ಕಣೋ. ಇರುವೆ ಕಚ್ಚಿದಂಗೆ."

ಅದು ಯಾಕೆಂದು ನನಗೆ ಗೊತ್ತಿತ್ತು. ಆಂಪಿಗೆ ಸೇರಿದ ಗಿಟಾರಿನ ತಂತಿಗಳ ಮೇಲೆ ಅವಳ ಬೆರಳು, ಮೈಕಿನ ಮೇಲೆ ಅವಳ ತುಟಿ—ಸೋರಿದ ಕರೆಂಟಿಗೆ ನಾನು ಮುಚ್ಚಿದ ದಾರಿಯ ಬದಲು ಇನ್ನೊಂದು ದಾರಿ ಸಿಕ್ಕಿತ್ತು. ಅವಳ ಮೈ.

"ಹೆದರಿಕೆಗೆ ಹಂಗಾಗ್ತೈತೆ" ಎಂದೆ ನಾನು. "ಜನ ಜಾಸ್ತಿ ಅದಾರಲ್ಲ."

ಅವಳು ನಕ್ಕಳು. ನಂಬಿದಳು. ನಾನು ಓದಿದವನಲ್ಲವೇ.

ಮಾರನೆಯ ದಿನ ಶೆಡ್ಡಿಗೆ ಒಬ್ಬನೇ ಹೋಗಿ ಆಂಪಿನ ಮೈಗೆ ಟೆಸ್ಟರ್ ಹಿಡಿದೆ. ಒಳಗಿನ ದೀಪ ಹತ್ತಿತು. ಮಂಕಾಗಿ, ಆದರೆ ಹತ್ತಿತು. ಅವತ್ತೇ ಅದನ್ನು ಬಿಚ್ಚಬೇಕಾಗಿತ್ತು. ಆದರೆ ಬಿಚ್ಚಿದರೆ ಹೊಸ ಟ್ರಾನ್ಸ್‌ಫಾರ್ಮರ್ ಸಿಗುವವರೆಗೆ ಆಂಪು ಇರುತ್ತಿರಲಿಲ್ಲ, ಜಗಳೂರಿನ ಕಾರ್ಯಕ್ರಮ ಮುಂದೆ ಬಂದಿತ್ತು. ಮೊದಲ ಸಲ ಒಂದು ಯುವಕರ ಸಂಘ ನಮ್ಮ ಹೆಸರು ಹೇಳಿ ಕರೆದಿತ್ತು, ಗೋಡೆಗಳ ಮೇಲೆ 'ತಗಡು' ಎಂದು ಬಣ್ಣದಲ್ಲಿ ಬರೆಸಿತ್ತು. ಮತ್ತೆ—ಇದನ್ನೂ ಹೇಳಬೇಕು—ಬಿಚ್ಚಿದರೆ ಯಾಕೆ ಬಿಚ್ಚಿದೆ ಎಂದು ಹೇಳಬೇಕಾಗುತ್ತಿತ್ತು. ಹೆದರಿಕೆ ಎಂದು ನಾನು ಹೇಳಿದ್ದು ಸುಳ್ಳೆಂದು ಅವಳಿಗೆ ತಿಳಿಯುತ್ತಿತ್ತು. ಅಷ್ಟಕ್ಕೇ. ಅಷ್ಟು ಚಿಕ್ಕ ಮುಜುಗರ ತಪ್ಪಿಸಿಕೊಳ್ಳಲಿಕ್ಕೆ.

ಮೈಕಿಗೆ ಹಾಕುವ ಸ್ಪಂಜಿನ ಟೋಪಿಯೊಂದನ್ನು ತಂದೆ. ತುಟಿ ನೇರವಾಗಿ ಲೋಹಕ್ಕೆ ತಾಗದಿದ್ದರೆ ಆಯಿತಲ್ಲ. "ದನಿ ಚೆನ್ನಾಗಿ ಬರ್ತೈತೆ, ಹಾಕ್ಕೋ" ಎಂದು ಕೊಟ್ಟೆ.

ಜಗಳೂರಿಗೆ ಮಧ್ಯಾಹ್ನವೇ ತಲುಪಿದೆವು. ಬಿಸಿಲು, ಗಾಳಿ, ಮೈದಾನದ ತುಂಬ ಕೆಂಧೂಳು. ಶಾಮಿಯಾನ ಕಟ್ಟಿಸುತ್ತಿದ್ದ ವ್ಯಕ್ತಿ ಬಂದು ತಾವೇ ಪರಿಚಯ ಹೇಳಿಕೊಂಡರು—ತಿಪ್ಪೇಸ್ವಾಮಿ. ಕುಳ್ಳಗೆ, ಹೆಗಲ ಮೇಲೆ ಟವೆಲ್ಲು. ನಮ್ಮ ಸಾಮಾನು ಇಳಿಸಲು ಅವರೂ ಕೈ ಹಚ್ಚಿದರು. ಗಿರಿಜಾ ಕೆಮ್ಮಿದ್ದನ್ನು ಕೇಳಿ, ಕೊಡಗಳಲ್ಲಿ ನೀರು ತರಿಸಿ ವೇದಿಕೆಯ ಜಮಖಾನದ ಮೇಲೂ ಮುಂದಿನ ನೆಲಕ್ಕೂ ಸಂಜೆಯವರೆಗೆ ಆಗಾಗ ಚಿಮುಕಿಸುತ್ತಿದ್ದರು.

"ಧೂಳು ಗಂಟ್ಲಿಗೆ ಬಡಿತೈತೆ ತಾಯಿ. ಹಾಡೋರಿಗೆ ಆಗಲ್ಲ ಅದು."

ಆ ನೀರೇ ಆಮೇಲೆ ಅವರ ವಿರುದ್ಧದ ಸಾಕ್ಷಿಯಾಯಿತು.

ಪ್ಲಗ್ಗು ಹಾಕಲು ಬೋರ್ಡು ತೋರಿಸಿದವರೂ ಅವರೇ. ನಾನು ಅಡಾಪ್ಟರ್ ಸಿಗಿಸುವುದನ್ನು ನೋಡಿ, "ಅದೇನ್ರಿ ಬಿಳೇದು?" ಎಂದರು. "ಸದ್ದು ಬರದಂಗೆ" ಎಂದೆ. ಅವರಿಗೆ ಬೇರೆ ಕೆಲಸವಿತ್ತು. ಹೋದರು.

ಸಂಜೆ ಹೊತ್ತು ಮುಳುಗುವ ಮುಂಚೆ ಶುರುವಾಯಿತು. ಜನ ಕಿಕ್ಕಿರಿದಿದ್ದರು. ಗಿರಿಜಾ ಯಾವಾಗಲೂ ಮಾಡುವಂತೆ ಚಪ್ಪಲಿ ಬಿಟ್ಟು, ಮೆಟ್ಟಿಲು ಮುಟ್ಟಿ ನಮಸ್ಕರಿಸಿ ವೇದಿಕೆ ಹತ್ತಿದಳು. ಒದ್ದೆ ಜಮಖಾನದ ಮೇಲೆ ಅವಳ ಬರಿಗಾಲು ನೋಡಿದೆ. ಮೈಕಿನ ಮೇಲೆ ಸ್ಪಂಜು ಇರಲಿಲ್ಲ. ಧೂಳು ಹಿಡಿದಿತ್ತೆಂದು ಅವಳೇ ತೆಗೆದು ಆಂಪಿನ ಮೇಲೆ ಇಟ್ಟಿದ್ದಳು. ಅದನ್ನೂ ನೋಡಿದೆ. ಎರಡನ್ನೂ ನೋಡಿದೆ. ಕೀಬೋರ್ಡು ಬಿಟ್ಟು ನಾಲ್ಕು ಹೆಜ್ಜೆ ಹೋಗಿದ್ದರೆ, ಇಲ್ಲಾ ಇದ್ದಲ್ಲಿಂದಲೇ ಅವಳ ಹೆಸರು ಕೂಗಿದ್ದರೆ— ನಾಸಿರ್ ಕೋಲಿಗೆ ಕೋಲು ತಟ್ಟಿ, ಹಾಡು ಶುರುಮಾಡಲು ಎಣಿಸಿದ. ಒಂದು ಹಾಡು ಮುಗಿಯಲಿ, ಆಮೇಲೆ ಸ್ಪಂಜು ಹಾಕಿದರಾಯಿತು ಎಂದುಕೊಂಡೆ.

ಅವಳು ಎಡಗೈಯಿಂದ ತಂತಿಗಳನ್ನು ಒತ್ತಿ, ಮುಂದೆ ಬಾಗಿ, ಬಾಯಿ ತೆರೆದಳು.

ಹಾಡು ಬರಲಿಲ್ಲ. ಎಂಥದೋ ಸದ್ದು ಬಂತು. ಜನ ಅದನ್ನೂ ಹಾಡೇ ಎಂದುಕೊಂಡು ಸಿಳ್ಳೆ ಹಾಕಿದರು. ಅವಳು ಮೈಕಿಗೆ ಅಂಟಿಕೊಂಡಂತೆ ನಿಂತು ನಡುಗುತ್ತಿದ್ದಳು. ನಾನು ಹಾರಿ ಹೋಗಿ ಪ್ಲಗ್ಗು ಕಿತ್ತೆ. ಅವಳು ಸ್ಟ್ಯಾಂಡಿನ ಸಮೇತ ಬಿದ್ದಳು.

ಎಲ್ಲರೂ ನನ್ನ ಚುರುಕುತನ ಹೊಗಳಿದರು. ಅಷ್ಟು ವೈರುಗಳ ನಡುವೆ ಎಷ್ಟು ಬೇಗ ಸರಿಯಾದ ಪ್ಲಗ್ಗನ್ನೇ ಹಿಡಿದನಲ್ಲ ಎಂದರು. ಯಾವುದನ್ನು ಕೀಳಬೇಕೆಂದು ನನಗೆ ಮೊದಲೇ ಗೊತ್ತಿತ್ತು.

ನಾಸಿರನೂ ಸಂಘದ ಹುಡುಗರೂ ಅವಳನ್ನು ಎತ್ತಿಕೊಂಡು ಓಡಿದರು. ಜೀವ ಇತ್ತು. ಜನ ತಿಪ್ಪೇಸ್ವಾಮಿಯವರ ಮೇಲೆ ಬಿದ್ದಿದ್ದರು. "ನೀರು ಹಾಕ್ಯಾನೆ, ನೀರು ಹಾಕ್ಯಾನೆ" ಎಂದು ಕೂಗು. ಆ ಗದ್ದಲದಲ್ಲಿ ನಾನು ಏನು ಮಾಡಿದೆ ಗೊತ್ತೇ? ಬಗ್ಗಿ, ಪ್ಲಗ್ಗಿನಿಂದ ಅಡಾಪ್ಟರ್ ಬಿಡಿಸಿ ಜೇಬಿಗೆ ಹಾಕಿಕೊಂಡೆ. ಅವಳು ಉಳಿಯುತ್ತಾಳೋ ಇಲ್ಲವೋ ಇನ್ನೂ ಗೊತ್ತಿರಲಿಲ್ಲ. ಆದರೂ ಕೈ ಅದನ್ನು ಮಾಡಿತು. ಕೈ ಎಂದು ಯಾಕೆ ಹೇಳುತ್ತೇನೆ—ನಾನು ಮಾಡಿದೆ. ಆಸ್ಪತ್ರೆಯ ಹೊರಗಿನ ಚರಂಡಿಯಲ್ಲಿ ಅದನ್ನು ಬಿಟ್ಟೆ.

ಠಾಣೆಯಲ್ಲಿ ತಿಪ್ಪೇಸ್ವಾಮಿ ಹರಿದ ಅಂಗಿಯಲ್ಲಿ ನಿಂತಿದ್ದರು, ಮೂಗಿನಿಂದ ರಕ್ತ ಇಳಿದಿತ್ತು. ಪೊಲೀಸರು ನನಗೆ ಕುರ್ಚಿ ಕೊಟ್ಟರು.

"ನೀವು ಓದಿದೋರು, ನಿಮಗೆ ತಿಳಿತೈತೆ. ಏನಾತು ಹೇಳ್ರಿ" ಎಂದರು ಅಧಿಕಾರಿ.

"ವೇದಿಕೆಗೆ ನೀರು ಹಾಕಿದ್ರು ಸರ್. ಇವರ ಲೈನೂ ಸರಿ ಇರಲಿಲ್ಲ."

ತಿಪ್ಪೇಸ್ವಾಮಿ ನನ್ನನ್ನೇ ನೋಡಿದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಏನೋ ಗೊಂದಲ, ನನಗೆ ನೆನಪು ಮಾಡಿಕೊಡುವವರ ಹಾಗೆ.

"ನೀರು ಹಾಕಿದ್ದು ನಾನೇ ಸಾಹೇಬ್ರೆ, ಇಲ್ಲ ಅನ್ನಲ್ಲ. ಆದ್ರೆ ಇವ್ರ ಪ್ಲಗ್ ನೋಡ್ರಿ. ಬಿಳೇದು ಏನೋ ಸಿಗಿಸಿದ್ರು. ಹೇಳ್ರಿ ಅಣ್ಣಾರೆ, ನಾನು ಕೇಳಲಿಲ್ವಾ ನಿಮ್ಮನ್ನ?"

"ಏನೂ ಕೇಳಲಿಲ್ಲ" ಎಂದೆ. "ಏನೂ ಸಿಗಿಸಿರಲಿಲ್ಲ."

ಮೈದಾನಕ್ಕೆ ಹೋಗಿ ಪ್ಲಗ್ಗು ನೋಡಿದರು. ಮೂರು ಪಿನ್ನಿನದು, ನೆಟ್ಟಗಿತ್ತು. ಕೆಲವು ದಿನ ಬಿಟ್ಟು ಆಂಪನ್ನು ಅವರು ಕೇಳುವ ಹೊತ್ತಿಗೆ ನಾನು ಅದರ ಟ್ರಾನ್ಸ್‌ಫಾರ್ಮರ್ ಬದಲಿಸಿದ್ದೆ. ಕಾರ್ಯಕ್ರಮಕ್ಕೆ ಮುಂಚೆ ಪುರುಸೊತ್ತಾಗದ ಕೆಲಸ ಆಗ ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ನಾಸಿರ್ ಒಂದೇ ಒಂದು ಸಲ ಕೇಳಿದ, ಆಂಪನ್ನು ಶೆಡ್ಡಿಗೆ ಇಳಿಸುವಾಗ. "ಆ ಬಿಳೇ ಪ್ಲಗ್ ಎಲ್ಲೈತೋ?" ನಾನು "ಯಾವ್ದು?" ಎಂದೆ. ಅವನು ನನ್ನ ಮುಖ ನೋಡಿದ. ಮತ್ತೆ ಕೇಳಲಿಲ್ಲ. ಮತ್ತೆ ನನ್ನ ಜೊತೆ ಬಾರಿಸಲೂ ಇಲ್ಲ. ಮದುವೆಗೆ ಕರೆದರೆ ಬರಲಿಲ್ಲ.

ಗಿರಿಜಾಳ ಎಡಗೈಯ ಬೆರಳುಗಳು ತಂತಿಯ ಗುರುತಿಗೆ ಸರಿಯಾಗಿ ಸುಟ್ಟಿದ್ದವು. ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ. ಕೆಳತುಟಿಯ ಮೇಲೆ ಗಾಯದ ಗೆರೆ ಉಳಿಯಿತು. ಜಗಳೂರಿನ ಬಗ್ಗೆ ಅವಳಿಗೆ ಏನೂ ನೆನಪಿರಲಿಲ್ಲ—ಆಟೋ ಇಳಿದದ್ದು ಮಾತ್ರ. "ಏನಾತು ಹೇಳೋ" ಎಂದು ಆಸ್ಪತ್ರೆಯಲ್ಲಿ ದಿನವೂ ಕೇಳುತ್ತಿದ್ದಳು, ಮಾತು ತೊದಲುತ್ತಿತ್ತು. ನಾನು ಹೇಳುತ್ತಿದ್ದೆ. ನೀರು ಹಾಕಿದ, ಲೈನು ಹಾಳಾಗಿತ್ತು, ಕುಡಿದಿದ್ದನೋ ಏನೋ. ದಿನವೂ ಹೇಳಿ ಹೇಳಿ, ನಾನು ಹೇಳಿದ್ದೇ ಅವಳ ನೆನಪಾಯಿತು. ಕೋರ್ಟಿನಲ್ಲಿ ಅವಳು ಅದನ್ನು ತಾನೇ ಕಂಡಂತೆ ಹೇಳಿದಳು. ಪ್ರಮಾಣ ಮಾಡಿ ಹೇಳಿದಳು. ತಿಪ್ಪೇಸ್ವಾಮಿ ಕಟಕಟೆಯಿಂದ ಅವಳನ್ನು ನೋಡುತ್ತ ಕೈ ಮುಗಿದುಕೊಂಡಿದ್ದರು.

ಕೆಲವು ವರ್ಷ ವಾಯಿದೆಗೆ ಓಡಾಡಿ ಸೋತು, ಅವರು ತಪ್ಪು ತಮ್ಮದೇ ಎಂದು ಒಪ್ಪಿಕೊಂಡರಂತೆ. ಕೇಳಿದಾಗ ನನಗೆ ನಿರಾಳವಾಯಿತು. ನಾಚಿಕೆಯಾಗಲಿಲ್ಲ, ನಿರಾಳವಾಯಿತು. ಇದನ್ನು ಮುಚ್ಚಿಟ್ಟರೆ ಉಳಿದದ್ದೆಲ್ಲ ಹೇಳಿ ಪ್ರಯೋಜನವಿಲ್ಲ.

ಗಿರಿಜಾಳ ತಾಯಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಿದ್ದರು. "ನನ್ನ ಮಗಳನ್ನ ಉಳಿಸಿ ಕೊಟ್ಟೆಯಪ್ಪಾ." ಮದುವೆಯ ಮಾತು ಅಲ್ಲಿಂದಲೇ ಹುಟ್ಟಿತು. ಗಿರಿಜಾ ಒಪ್ಪಿದಳು. ನನ್ನ ಮೇಲೆ ಪ್ರೀತಿ ಇತ್ತೋ, ಋಣವಿತ್ತೋ—ಕೇಳುವ ಧೈರ್ಯ ಎಂದೂ ಮಾಡಲಿಲ್ಲ. 'ಕಣೋ' ಹೋಗಿ 'ರೀ' ಬಂತು. ಗಿಟಾರನ್ನು ಯಾರಿಗೋ ಕೊಟ್ಟಳು. ಈಗ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ವಿದ್ಯುತ್ತಿನ ಪಾಠ ಬಂದಾಗ ಮಕ್ಕಳಿಗೆ ಕೈ ತೋರಿಸುತ್ತಾಳಂತೆ, ಒದ್ದೆ ನೆಲದಲ್ಲಿ ನಿಂತು ಸ್ವಿಚ್ಚು ಮುಟ್ಟಬೇಡಿ ಎಂದು. ಮನೆಗೆ ಬಂದು ಅದನ್ನು ನನಗೆ ಹೇಳುತ್ತಾಳೆ. ನಾನು ಊಟ ಮುಂದುವರಿಸುತ್ತೇನೆ.

ಹೀಗೆಯೇ ಸತ್ತುಹೋಗುತ್ತಿದ್ದೆನೇನೋ. ಇತ್ತೀಚೆಗೆ ದಾವಣಗೆರೆಯಿಂದ ಕಾವ್ಯ ಎಂಬ ಹುಡುಗಿ ಹುಡುಕಿಕೊಂಡು ಬಂದಳು. ಕನ್ನಡದಲ್ಲಿ ಸ್ವಂತ ಹಾಡು ಕಟ್ಟಿದ ಹಳೆಯ ಬ್ಯಾಂಡುಗಳ ಚರಿತ್ರೆ ಬರೆಯುತ್ತಿದ್ದಾಳೆ. ನ್ಯಾಮತಿಯಲ್ಲಿ ಯಾರೋ ಮೊಬೈಲಿನಲ್ಲಿ ತೆಗೆದಿದ್ದ ನಮ್ಮ ಹಾಡು ಅವಳಿಗೆ ಸಿಕ್ಕಿತ್ತು. "ನಿಮ್ಮ ಮೊದಲ ತಿರುಗಾಟದ ಕಥೆ ಹೇಳ್ರಿ ಮೇಡಂ" ಎಂದು ರೆಕಾರ್ಡರ್ ಇಟ್ಟಳು. ಗಿರಿಜಾ ಹೇಳಿದಳು. ಸವಳಂಗ ಹೇಳಿದಳು, ಚನ್ನಗಿರಿಯ ಭಾವಗೀತೆ ಹೇಳಿ ನಕ್ಕಳು. ಅವಳು ಅಷ್ಟು ನಕ್ಕದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು. ಆಮೇಲೆ ಜಗಳೂರು ಹೇಳಿದಳು. ತಿಪ್ಪೇಸ್ವಾಮಿಯವರ ಹೆಸರನ್ನೂ ಹೇಳಿದಳು. ಹೇಳಿ, ಮುಂದುವರಿಸಿದಳು:

"ಮೊದಲು ಅವನ ಮೇಲೆ ಸಿಟ್ಟಿತ್ತು. ಈಗಿಲ್ಲ. ಅಜಾಗರೂಕತೆ, ಬೇಕಂತ ಮಾಡಿದ್ದಲ್ಲ. ಅವನನ್ನ ನಾನು ಕ್ಷಮಿಸಿಬಿಟ್ಟೀನಿ ಅಂತ ಬರಿ."

ನಾನು ಚಹಾದ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಅಷ್ಟು ವರ್ಷ ಅವಳು ಒಳಗೊಳಗೇ ಹೆಣಗಿ, ಸಿಟ್ಟನ್ನು ಗೆದ್ದು, ಆ ಕ್ಷಮೆಯನ್ನು ಸಂಪಾದಿಸಿದ್ದಳು. ಅದು ಹೋಗಿ ಸೇರುತ್ತಿದ್ದದ್ದು ತಪ್ಪೇ ಮಾಡದ ಒಬ್ಬ ಮನುಷ್ಯನಿಗೆ. ಅದು ಅಚ್ಚಾಗುತ್ತದೆ, ಜನ ಓದುತ್ತಾರೆ, ಅವಳನ್ನು ದೊಡ್ಡ ಮನಸ್ಸಿನವಳು ಎನ್ನುತ್ತಾರೆ—

ಭಾನುವಾರ, ಊಟವಾದ ಮೇಲೆ, ಅವಳು ಉತ್ತರ ಪತ್ರಿಕೆ ತಿದ್ದುತ್ತಿದ್ದಳು. ಎದುರು ಕುಳಿತು ಹೇಳಿದೆ. ಅಡಾಪ್ಟರ್, ಟೆಸ್ಟರ್, ಸ್ಪಂಜು, ಚರಂಡಿ, ಎಲ್ಲ. ಮುಗಿದ ಮೇಲೆ ತನ್ನ ಎಡಗೈ ನೋಡಿಕೊಳ್ಳುತ್ತಾಳೆ, ನನ್ನನ್ನು ಹೊಡೆಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೈ ನೋಡಿಕೊಳ್ಳಲೇ ಇಲ್ಲ.

"ಹಂಗಾದ್ರೆ ಕೋರ್ಟಿನಾಗೆ ನಾನು ಹೇಳಿದ್ದು?"

ಅವಳು ಪೆನ್ನು ಕೆಳಗಿಟ್ಟಳು.

"ನನ್ನ ಬಾಯಾಗೆ ಹೇಳಿಸಿದೆಯಲ್ಲೋ ಪರಮೇಶಿ. ನನ್ನ ಬಾಯಾಗೆ."

ತುಟಿಯನ್ನು ಸೆರಗಿನಿಂದ ಒರೆಸಿಕೊಂಡಳು, ಒತ್ತಿ ಒತ್ತಿ. ಆಮೇಲೆ ಎದ್ದು, "ಜಗಳೂರಿಗೆ ಹೋಗ್ಬೇಕು" ಎಂದಳು.

ಮಾರನೆಯ ದಿನ ಹೋದೆವು. ದಾವಣಗೆರೆಯಲ್ಲಿ ಬಸ್ಸು ಬದಲಿಸಿದಾಗ ಅವಳು ಮುಂದಿನ ಸೀಟಿನಲ್ಲಿ ಅಪರಿಚಿತ ಹೆಂಗಸಿನ ಪಕ್ಕ ಕುಳಿತಳು. ಜಗಳೂರಿನಲ್ಲಿ ಇಳಿದು ವಿಚಾರಿಸಿದೆವು. ತಿಪ್ಪೇಸ್ವಾಮಿ ತೀರಿಕೊಂಡು ಬಹಳ ದಿನವಾಗಿಲ್ಲ ಎಂದರು. ಆ ಘಟನೆಯ ಮೇಲೆ ಯಾರೂ ಅವರನ್ನು ಶಾಮಿಯಾನಕ್ಕೆ ಕರೆಯಲಿಲ್ಲವಂತೆ. ಸಾಮಾನೆಲ್ಲ ಮಾರಿ ಇಟ್ಟಿಗೆ ಭಟ್ಟಿಗೆ ಕೆಲಸಕ್ಕೆ ಹೋಗುತ್ತಿದ್ದರು. ಎದೆಯ ಕಾಯಿಲೆ. ಹೆಂಡತಿ ಓಬಮ್ಮ ಇದ್ದಾರೆ, ಓಣಿಯ ತುದಿಗೆ ಮನೆ.

ಓಬಮ್ಮ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದರು. ಕೋರ್ಟಿನಲ್ಲಿ ನೋಡಿದ್ದ ಗಿರಿಜಾಳನ್ನು ತುಟಿಯ ಮೇಲಿನ ಗೆರೆಯಿಂದಲೇ ಗುರುತು ಹಿಡಿದರು. "ಬಾರವ್ವಾ" ಎಂದು ಚಾಪೆ ಹಾಸಿದರು. ನಾನು ಬಾಗಿಲ ಬಳಿ ನಿಂತೇ ಹೇಳಿದೆ. ಈ ಸಲ ಹೇಳುವುದು ಇನ್ನೂ ಕಷ್ಟವಾಯಿತು.

ಓಬಮ್ಮ ಹುಣಸೆಯ ನಾರು ಎಳೆಯುತ್ತಲೇ ಇದ್ದರು.

"ನಮ್ಮನಿಯೋರು ಇದನ್ನೇ ಹೇಳ್ತಿದ್ರು" ಎಂದರು. "ಅವ್ರ ಪ್ಲಗ್ ನೋಡ್ರಿ, ಅವ್ರ ಪ್ಲಗ್ ನೋಡ್ರಿ ಅಂತ. ಜ್ವರ ಬಂದಾಗ್ಲೂ ಅದೇ. ಸಾಯೋ ಹೊತ್ನಾಗೂ ಅದೇ. ಸಾಕು ಸುಮ್ಕಿರ್ರಿ, ನೀವೇ ಒಪ್ಕೊಂಡೀರಲ್ಲ, ಇನ್ನ್ಯಾಕೆ ಅಂತ ನಾನು ಬೈತಿದ್ದೆ." ಕೈ ನಿಂತಿತು. "ನಾನೇ ನಂಬ್ಲಿಲ್ಲ ಕಣಪ್ಪಾ. ಜೊತೆಗೆ ಬಾಳ್ವೆ ಮಾಡಿದೋಳು, ನಾನೇ ನಂಬ್ಲಿಲ್ಲ."

ನಾನು ಬಗ್ಗಿ ಅವರ ಕಾಲು ಮುಟ್ಟಲು ಹೋದೆ. ಕಾಲು ಹಿಂದಕ್ಕೆ ಎಳೆದುಕೊಂಡರು.

"ನನ್ನ ಮುಂದೆ ಹೇಳಿ ಏನಾಗ್ಬೇಕು? ಹೊರಗೆ ಹೋಗು. ಆ ಮನಿಯೋರಿಗೆ ಹೇಳು, ಈ ಮನಿಯೋರಿಗೆ ಹೇಳು. ಅವತ್ತು ಅವ್ರ ಅಂಗಿ ಹರಿದೋರು ಇನ್ನೂ ಇಲ್ಲೇ ಅದಾರೆ."

ಹೋದೆ. ಗಿರಿಜಾ ಚಾಪೆಯ ಮೇಲೆಯೇ ಉಳಿದಳು. ಒಂದೊಂದೇ ಬಾಗಿಲು ತಟ್ಟಿದೆ. ಹೆಸರು ಹೇಳಿದೆ, ಊರು ಹೇಳಿದೆ, ಮಾಡಿದ್ದನ್ನು ಹೇಳಿದೆ. ಕೆಲವರು ಅರ್ಧಕ್ಕೇ ಬಾಗಿಲು ಹಾಕಿದರು. ಚಹಾದ ಅಂಗಡಿಯಲ್ಲಿ ನನ್ನ ವಯಸ್ಸಿನವನೊಬ್ಬ ಪೂರ್ತಿ ಕೇಳಿ, "ಮೊದಲ್ನೇ ಏಟು ನಂದೇ ಅವತ್ತು" ಎಂದು ಲೋಟ ಹಾಗೇ ಇಟ್ಟು ಎದ್ದುಹೋದ. ನನ್ನ ಮೇಲೆ ಯಾರೂ ಕೈ ಮಾಡಲಿಲ್ಲ. ತಿಪ್ಪೇಸ್ವಾಮಿಯವರನ್ನು ಹೊಡೆಯುವುದು ಅವರಿಗೆ ಎಷ್ಟು ಸುಲಭವಾಗಿತ್ತು! ಒಬ್ಬರಂತೂ, "ಹೋಗ್ಲಿ ಬಿಡ್ರಿ ಸಾರ್, ಈಗ್ಲಾದ್ರೂ ಹೇಳಿದ್ರಲ್ಲ" ಎಂದರು. ಆ ಮಾತು ನನಗೆ ಸಲ್ಲುವುದಿಲ್ಲ ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಆಮೇಲಿನದನ್ನೂ ಹೇಳಿಬಿಡುತ್ತೇನೆ. ಠಾಣೆಯಲ್ಲಿ ನಾನೂ ಗಿರಿಜಾಳೂ ಬೇರೆ ಬೇರೆಯಾಗಿ ಹೇಳಿಕೆ ಬರೆದುಕೊಟ್ಟಿದ್ದೇವೆ. ಏನಾಗುತ್ತದೋ ತಿಳಿಯದು, ಏನೇ ಆಗಲಿ ವಕೀಲರನ್ನು ಇಟ್ಟುಕೊಳ್ಳುವುದಿಲ್ಲ. ನಾಸಿರನಿಗೆ ಫೋನು ಮಾಡಿ ಹೇಳಿದೆ. "ಗೊತ್ತಿತ್ತು" ಎಂದು ಇಟ್ಟುಬಿಟ್ಟ. ಕಾವ್ಯಳಿಗೆ, ಗಿರಿಜಾ ಹೇಳಿದ ಜಗಳೂರಿನ ಭಾಗ ತೆಗೆದು ನಾನು ಬರೆದ ಇದನ್ನು ಹಾಕು ಎಂದು ಕೊಟ್ಟಿದ್ದೇನೆ. ಗಿರಿಜಾ ಬಸವಾಪಟ್ಟಣದಲ್ಲಿ ತಾಯಿಯ ಹತ್ತಿರ ಇದ್ದಾಳೆ, ಅಲ್ಲಿಂದಲೇ ಶಾಲೆಗೆ ಓಡಾಡುತ್ತಾಳೆ. ಬಾ ಎಂದು ನಾನು ಕರೆದಿಲ್ಲ. ಕರೆಯುವ ಹಕ್ಕು ನನಗಿಲ್ಲ.

ಆದರೆ ಅವತ್ತು ಆ ಓಣಿಯಲ್ಲಿ ಕೊನೆಗೆ ತಟ್ಟಿದ ಬಾಗಿಲಿನ ಸಂಗತಿ ಬಿಟ್ಟು ಮುಗಿಸಲಾರೆ. ಬಾಗಿಲು ತೆರೆದವಳು ಹೊಸದಾಗಿ ಮದುವೆಯಾಗಿ ಆ ಊರಿಗೆ ಬಂದಿದ್ದ ಹುಡುಗಿ. ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದಳು. ಕೇಳಿ, ಮುಜುಗರದಿಂದ ಹೇಳಿದಳು:

"ನಂಗೆ ಅವ್ರು ಗೊತ್ತಿಲ್ರಿ. ಹೆಂಗಿದ್ರು ಅವ್ರು?"

ಕುಳ್ಳಗಿದ್ದರು, ಹೆಗಲ ಮೇಲೆ ಟವೆಲ್ಲು ಹಾಕುತ್ತಿದ್ದರು ಎಂದೆ. ಅವರಿಗೆ ಮಕ್ಕಳಿದ್ದರೋ, ಏನು ಇಷ್ಟವಿತ್ತು, ಹೇಗೆ ನಗುತ್ತಿದ್ದರು, ಸಂಜೆ ಯಾರ ಜೊತೆ ಕುಳಿತು ಮಾತಾಡುತ್ತಿದ್ದರು—ನನಗೆ ಏನೊಂದೂ ಗೊತ್ತಿರಲಿಲ್ಲ. ಒಬ್ಬ ಮನುಷ್ಯನ ಬಾಳನ್ನು ಕಿತ್ತುಹಾಕಿದ್ದೆ, ಆ ಬಾಳು ಹೇಗಿತ್ತೆಂದು ಒಂದು ಸಲವೂ ವಿಚಾರಿಸಿರಲಿಲ್ಲ.

"ಕೇಳ್ಕೊಂಡು ಬರ್ತೀನಮ್ಮಾ" ಎಂದು ಅವಳಿಗೆ ಹೇಳಿ, ಓಬಮ್ಮನ ಮನೆಯ ಕಡೆಗೆ ಹಿಂದಿರುಗಿ ನಡೆದೆ.